ಈ ರಜೆ ಕೊಟ್ಟದ್ದು ಯಾರು? ಹಾಲಿಡೇ, ವೆಕೇಷನ್ ಗೊಂದಲಕ್ಕೊಂದು ದಾರಿ

ಜುಲೈ ತಿಂಗಳ ಸಂಜೆ. ಹೊರಗೆ ಜೋರು ಮಳೆ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿ, ಉಪ್ಪಳದಿಂದ ಮುಳ್ಳೇರಿಯದವರೆಗೆ ಮಕ್ಕಳ ಕಣ್ಣೆಲ್ಲ ಅಪ್ಪ ಅಮ್ಮನ ಮೊಬೈಲಿನ ಮೇಲೆ. ರೆಡ್ ಅಲರ್ಟ್ ಬಂತಾ? ಕಲೆಕ್ಟರ್ ರಜೆ ಕೊಟ್ಟರಾ? ಕೊನೆಗೂ ಸುದ್ದಿ ಬರುತ್ತದೆ. ಮರುಕ್ಷಣವೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷ್ ಶುರು. ಒಬ್ಬ 'ಟುಮಾರೋ ಲೀವ್' ಎಂದು ಹಾಕುತ್ತಾನೆ. ಇನ್ನೊಬ್ಬಳು 'ಟುಮಾರೋ ವೆಕೇಷನ್' ಎನ್ನುತ್ತಾಳೆ. ಮತ್ತೊಬ್ಬ 'ಟುಮಾರೋ ಈಸ್ ಎ ಹಾಲಿಡೇ' ಎನ್ನುತ್ತಾನೆ. ಸರಿ ಇರುವುದು ಮೂರನೆಯದ್ದು ಮಾತ್ರ.

ಮಕ್ಕಳನ್ನು ಬೈದು ಫಲವಿಲ್ಲ. ಕನ್ನಡದಲ್ಲಿ ಮಳೆಗೆ ಸಿಕ್ಕಿದ್ದೂ ರಜೆ, ಏಪ್ರಿಲ್ ಮೇ ತಿಂಗಳದ್ದೂ ರಜೆ, ಜ್ವರ ಬಂದು ಹಾಕಿದ್ದೂ ರಜೆ. ಪಕ್ಕದ ಮಲಯಾಳವನ್ನು ಕೇಳಿದರೆ ಅಲ್ಲೂ ಅದೇ ಕಥೆ, ಎಲ್ಲಕ್ಕೂ 'ಅವಧಿ'. ಅದರಲ್ಲಿ ನಮಗೆ ಇನ್ನೊಂದು ಪಜೀತಿ ಬೇರೆ. ಕನ್ನಡದಲ್ಲಿ ಅವಧಿ ಅಂದರೆ ಕಾಲದ ಮಿತಿ. ಮಲಯಾಳದ ಸುತ್ತೋಲೆಯನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸಿ 'ನಾಳೆ ಅವಧಿ' ಎಂದು ಬಿಟ್ಟರೆ ಪುತ್ತೂರಿನ ನೆಂಟರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಮಾತ್ರ ಇದನ್ನು ಬಿಡಿಸಿ ಬಿಡಿಸಿ ಇಟ್ಟಿದೆ. ಹಾಲಿಡೇ, ವೆಕೇಷನ್ ಎಂಬ ಎರಡು ಪದಗಳೇ ಮುಖ್ಯ. ಆದರೆ ಲೀವ್ ಎಂಬ ಮೂರನೆಯದ್ದನ್ನು ಹೊರಗೆ ನಿಲ್ಲಿಸಿ ಈ ಎರಡನ್ನು ತಿಳಿಯುವುದು ಕಷ್ಟ. ನಿಘಂಟು ತೆರೆದರೆ ಮೂರಕ್ಕೂ 'ರಜೆ' ಎಂದೇ ಇರುತ್ತದೆ. ಹಾಗಾಗಿ ನಿಘಂಟು ಬದಿಗಿಡಿ. ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ರಜೆ ಕೊಟ್ಟದ್ದು ಯಾರು? ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕು. ಉಳಿದ ಎರಡು ಸಲ ಎಲ್ಲಿ ಎಡವುತ್ತೇವೆ ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಕೇಳದೆ, ಎಲ್ಲರಿಗೂ ಸಿಕ್ಕಿದರೆ ಹಾಲಿಡೇ

ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಈದ್, ಕ್ರಿಸ್‌ಮಸ್. ಇವಕ್ಕೆ ನೀವು ಅರ್ಜಿ ಹಾಕಿಲ್ಲ, ಯಾರ ಸಹಿಗೂ ಕಾದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಇದೆ, ಸರ್ಕಾರ ಆದೇಶ ಮಾಡಿದೆ, ಮುಗಿಯಿತು. ಇದು ಹಾಲಿಡೇ. ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಹೋಲಿ ಡೇ' ಆಗಿತ್ತು, ಅಂದರೆ ಪವಿತ್ರ ದಿನ. ಹಬ್ಬದ ದಿನ ಕೆಲಸ ಬಿಡುತ್ತಿದ್ದರು. ಕ್ರಮೇಣ ಹಬ್ಬವಿಲ್ಲದೆ ಕೆಲಸ ಬಿಟ್ಟ ದಿನಕ್ಕೂ ಅದೇ ಹೆಸರಾಯಿತು.

ಮಳೆ ರಜೆಗೆ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಇರುವುದಿಲ್ಲ, ನಿಜ. ಆದರೆ ಅದನ್ನು ಕೊಟ್ಟದ್ದು ಕಲೆಕ್ಟರ್, ಸಿಕ್ಕಿದ್ದು ಜಿಲ್ಲೆಯ ಎಲ್ಲ ಮಕ್ಕಳಿಗೆ. ಅಂಗನವಾಡಿಯಿಂದ ಪ್ರೊಫೆಷನಲ್ ಕಾಲೇಜಿನವರೆಗೆ ಎಂದು ಆದೇಶದಲ್ಲೇ ಇರುತ್ತದೆ. ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲ ಎಂಬ ಸಾಲೂ ಇರುತ್ತದೆ, ಅದನ್ನು ಮಾತ್ರ ಯಾರೂ ಓದುವುದಿಲ್ಲ. ಹಾಗಾಗಿ 'ದಿ ಕಲೆಕ್ಟರ್ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ'. ಹಾಲಿಡೇಯ ಜೊತೆಗೆ ಬರುವ ಕ್ರಿಯಾಪದ 'ಡಿಕ್ಲೇರ್'. ಲೀವ್ ಜೊತೆಗೆ ಬರುವುದು 'ಅಪ್ಲೈ' ಮತ್ತು 'ಗ್ರ್ಯಾಂಟ್'. ಇಷ್ಟು ನೆನಪಿಟ್ಟರೂ ಅರ್ಧ ಗೊಂದಲ ಹೋಗುತ್ತದೆ.

ಈಗ ಅದೇ ಮಳೆ, ಅದೇ ಮನೆಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ಏನಾಗುತ್ತದೆ ನೋಡಿ.

"ಅಪ್ಪಾ, ನಿಮಗೂ ಇವತ್ತು ಹಾಲಿಡೇಯಾ?"

"ನನಗೆಂತ ಹಾಲಿಡೇ ಮಾರಾಯ! ತೋಡು ತುಂಬಿ ಸಂಕ ಮುಳುಗಿದೆ, ಬಸ್ಸಿಲ್ಲ. ಲೀವ್ ಹಾಕುವುದೇ."

ಮಗನದ್ದು ಹಾಲಿಡೇ, ಅಪ್ಪನದ್ದು ಲೀವ್. ದಿನ ಒಂದೇ, ಕಾರಣವೂ ಒಂದೇ. ಕಲೆಕ್ಟರ್ ರಜೆ ಕೊಟ್ಟದ್ದು ಶಾಲೆ ಕಾಲೇಜುಗಳಿಗೆ, ಅಪ್ಪನ ಆಫೀಸಿಗಲ್ಲ. ಅಪ್ಪ ತನ್ನ ಲೆಕ್ಕದಿಂದ ಒಂದು ದಿನ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾರೆ. ವ್ಯತ್ಯಾಸ ಇರುವುದೇ ಇಲ್ಲಿ. ಹಾಲಿಡೇಗೆ ನಿಮ್ಮ ಲೆಕ್ಕದಿಂದ ಏನೂ ಕಳೆಯುವುದಿಲ್ಲ.

ಗಡಿಯಲ್ಲಿರುವ ನಮಗೆ ಈ ಹೆಜ್ಜೆಯಲ್ಲಿ ಇನ್ನೊಂದು ತೊಡಕು ಇದೆ. ಹಾಲಿಡೇ ಕೊಡುವುದು ಸರ್ಕಾರ. ನಮ್ಮ ಹಲವು ಮನೆಗಳಲ್ಲಿ ಎರಡು ಸರ್ಕಾರದ ಕ್ಯಾಲೆಂಡರ್ ನಡೆಯುತ್ತದೆ. ಮಂಜೇಶ್ವರ, ಹೊಸಂಗಡಿಯಿಂದ ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಎಷ್ಟು ಜನ! ನವೆಂಬರ್ 1 ಬಂತು ಅಂತ ಇಟ್ಟುಕೊಳ್ಳಿ. 1956ರಲ್ಲಿ ಅದೇ ದಿನ ರಾಜ್ಯಗಳು ಹೊಸದಾಗಿ ರೂಪುಗೊಂಡವು, ಕಾಸರಗೋಡು ಕೇರಳದ ಪಾಲಾಯಿತು. ಕರ್ನಾಟಕದಲ್ಲಿ ರಾಜ್ಯೋತ್ಸವ, ಅಲ್ಲಿನ ಸರ್ಕಾರಿ ಕಚೇರಿಗಳಿಗೆ ರಜೆ. ಕೇರಳದಲ್ಲಿ ಕೇರಳಪಿರವಿ, ಆದರೆ ಸಾರ್ವಜನಿಕ ರಜೆ ಇಲ್ಲ. ಅಮ್ಮ ಮನೆಯಲ್ಲಿ, ಮಗಳು ಶಾಲೆಯಲ್ಲಿ. ಓಣಂ ಹಬ್ಬದ ಮುಖ್ಯ ದಿನವಾದ ತಿರುವೋಣಂ ದಿನ ಇದು ತಿರುಗಿ ಬೀಳುತ್ತದೆ. ಕೇರಳ ಪೂರ್ತಿ ಬಂದ್ ಆದ ಹಾಗಿರುತ್ತದೆ, ಮಂಗಳೂರಿನ ಆಫೀಸು ಎಂದಿನಂತೆ ತೆರೆದಿರುತ್ತದೆ.

ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಪೆರ್ಲದ ಹುಡುಗನೊಬ್ಬ ಓಣಂ ಹಿಂದಿನ ದಿನ ಮ್ಯಾನೇಜರಿಗೆ 'ಟುಮಾರೋ ಈಸ್ ಎ ಹಾಲಿಡೇ' ಎಂದು ಬರೆದರೆ ಆ ಕಡೆಯವರಿಗೆ ಏನೂ ಅರ್ಥವಾಗುವುದಿಲ್ಲ. ಅವರ ಕ್ಯಾಲೆಂಡರಿನಲ್ಲಿ ಅದು ಮಾಮೂಲಿ ದಿನ. ಬರೆಯಬೇಕಾದ್ದು ಎರಡು ವಾಕ್ಯ. 'ಟುಮಾರೋ ಈಸ್ ಎ ಪಬ್ಲಿಕ್ ಹಾಲಿಡೇ ಇನ್ ಕೇರಳ.' ಆಮೇಲೆ, 'ಐ ವುಡ್ ಲೈಕ್ ಟು ಟೇಕ್ ಎ ಡೇಸ್ ಲೀವ್.' ಊರಿಗೆ ಹಾಲಿಡೇ, ಅವನಿಗೆ ಲೀವ್. ಕಂಪನಿ ಕೇರಳದ ಪಟ್ಟಿಯನ್ನು ಒಪ್ಪಿದ್ದರೆ ಮಾತ್ರ ಎರಡನೆಯ ವಾಕ್ಯ ಬೇಡ. ಕೆಲಸಕ್ಕೆ ಸೇರುವಾಗಲೇ ಯಾವ ರಾಜ್ಯದ ಪಟ್ಟಿ ಎಂದು ಕೇಳಿಟ್ಟುಕೊಳ್ಳಿ, ಆಮೇಲೆ ಜಗಳ ಬೇಡ.

ಬ್ಯಾಂಕ್ ಹಾಲಿಡೇ ಎಂಬ ಮಾತಿಗೆ ಎರಡು ಅರ್ಥ ಇದೆ. ನಮ್ಮಲ್ಲಿ ಅದು ಬ್ಯಾಂಕಿಗೆ ಬಾಗಿಲು ಹಾಕುವ ದಿನ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಡಿಯಲ್ಲಿ ಇವನ್ನು ಘೋಷಿಸುತ್ತಾರೆ. 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರವೂ ಸೇರಿಕೊಂಡಿತು. ಬ್ರಿಟನ್ನಿನಲ್ಲಿ ಹಾಗಲ್ಲ. 1871ರಲ್ಲಿ ಒಂದು ಕಾಯ್ದೆ ತಂದು ಕೆಲವು ದಿನಗಳನ್ನು ಬ್ಯಾಂಕ್ ಹಾಲಿಡೇ ಎಂದು ಕರೆದರು. ಈಗ ಅಲ್ಲಿ ಸಾರ್ವಜನಿಕ ರಜೆಗೇ ಆ ಹೆಸರು. ಲಂಡನ್ನಿನಲ್ಲಿರುವ ಮಗಳು 'ಸೋಮವಾರ ಬ್ಯಾಂಕ್ ಹಾಲಿಡೇ' ಅಂದರೆ ದುಡ್ಡಿನ ವಿಷಯ ಅಂದುಕೊಳ್ಳಬೇಡಿ, ಅವಳಿಗೂ ರಜೆ.

ಇನ್ನು ನಡುವೆ ನಿಲ್ಲುವ ಒಂದು ಜಾತಿ ಇದೆ: ರೆಸ್ಟ್ರಿಕ್ಟೆಡ್ ಹಾಲಿಡೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯಂಥ ಕೇಂದ್ರ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕೇಂದ್ರ ಸರ್ಕಾರ ಒಂದು ಉದ್ದ ಪಟ್ಟಿ ಕೊಡುತ್ತದೆ, ಅದರಲ್ಲಿ ವರ್ಷಕ್ಕೆ ಎರಡನ್ನು ನೀವು ಆರಿಸಿಕೊಳ್ಳಬಹುದು. ದಿನ ಕೊಡುವುದು ಕ್ಯಾಲೆಂಡರ್, ಆದರೆ ಅರ್ಜಿ ನೀವೇ ಹಾಕಬೇಕು. ಹೆಸರು ಹಾಲಿಡೇ, ನಡೆತೆ ಲೀವಿನದ್ದು.

ಎರಡನೇ ಹೆಜ್ಜೆ: ಕಟ್ಟಡ ಖಾಲಿಯಾದರೆ ವೆಕೇಷನ್

ವೆಕೇಷನ್ ಲ್ಯಾಟಿನಿನಿಂದ ಬಂದದ್ದು. ಮೂಲದಲ್ಲಿರುವ ಅರ್ಥ 'ಖಾಲಿ'. ಬಸ್ಸಿನಲ್ಲಿ ಸೀಟು ವೇಕೆಂಟ್ ಇದೆ ಅನ್ನುತ್ತೇವಲ್ಲ, ಬಾಡಿಗೆ ಮನೆ ವೆಕೇಟ್ ಮಾಡಿದರು ಅನ್ನುತ್ತೇವಲ್ಲ, ಎಲ್ಲ ಒಂದೇ ಮನೆಯವರು. ಒಂದು ಸಂಸ್ಥೆ ತನ್ನ ಕೆಲಸ ನಿಲ್ಲಿಸಿ ದಿನಗಟ್ಟಲೆ ಖಾಲಿ ಇರುವ ಕಾಲವೇ ವೆಕೇಷನ್. ಶಾಲೆ, ಕಾಲೇಜು, ಕೋರ್ಟು, ಮುಖ್ಯವಾಗಿ ಈ ಮೂರು. ಇದನ್ನು ಕೊಡುವುದು ಸಂಸ್ಥೆ. ಒಂದು ದಿನಕ್ಕೆ ವೆಕೇಷನ್ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿಯೇ ಗ್ರೂಪಿನ ಹುಡುಗಿಯ 'ಟುಮಾರೋ ವೆಕೇಷನ್' ತಪ್ಪು.

ಕೇರಳದ ಶಾಲೆಗಳಿಗೆ ಮಾರ್ಚ್ ಕೊನೆಗೆ ಬಾಗಿಲು ಹಾಕಿದರೆ ಏಪ್ರಿಲ್, ಮೇ ಪೂರ್ತಿ ಮಿಡ್‌ಸಮ್ಮರ್ ವೆಕೇಷನ್. ಓಣಂಗೆ ಸುಮಾರು ಹತ್ತು ದಿನ, ಕ್ರಿಸ್‌ಮಸ್‌ಗೆ ಸುಮಾರು ಹತ್ತು ದಿನ. ಕರ್ನಾಟಕದಲ್ಲಿ ಉದ್ದ ರಜೆ ದಸರೆಗೆ. ನಮ್ಮ ಮಕ್ಕಳಿಗೆ ನವರಾತ್ರಿಗೆ ಸಿಗುವುದು ಎರಡು ಮೂರು ದಿನ. ಪುತ್ತೂರಿನ ಅಜ್ಜಿ ಮನೆಗೆ ಮೊಮ್ಮಕ್ಕಳೆಲ್ಲ ಒಟ್ಟಿಗೆ ಸೇರಬೇಕಾದರೆ ಬೇಸಿಗೆಯೇ ಗತಿ. ಉಳಿದ ಸಮಯದಲ್ಲಿ ಒಬ್ಬರಿಗೆ ವೆಕೇಷನ್ ಇದ್ದಾಗ ಇನ್ನೊಬ್ಬರಿಗೆ ಪರೀಕ್ಷೆ.

ವೆಕೇಷನ್ನಿನ ಒಳಗೆ ಹಾಲಿಡೇ ಬರಬಹುದು. ಹೊಸ ವರ್ಷದ ಹಬ್ಬ ಬಿಸು ಬರುವುದು ಏಪ್ರಿಲ್ ಮಧ್ಯದಲ್ಲಿ, ಶಾಲೆಗೆ ಆಗ ಹೇಗೂ ವೆಕೇಷನ್. ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭ ಏನೂ ಇಲ್ಲ. ಬ್ಯಾಂಕಿನಲ್ಲಿರುವ ಚಿಕ್ಕಪ್ಪನಿಗೆ ಅದೊಂದೇ ದಿನ ಹಾಲಿಡೇ. 'ವಿ ಸೆಲೆಬ್ರೇಟೆಡ್ ಬಿಸು ಡ್ಯೂರಿಂಗ್ ದಿ ವೆಕೇಷನ್' ಎಂದು ಮಗು ಬರೆಯಬಹುದು, ಚಿಕ್ಕಪ್ಪ ಹಾಗೆ ಬರೆಯುವ ಹಾಗಿಲ್ಲ.

ಇಲ್ಲಿ ಒಂದು ಮಾತು. ಶಾಲೆಯ ಬೇಸಿಗೆ ರಜೆಗೆ 'ಸಮ್ಮರ್ ಹಾಲಿಡೇಸ್' ಎಂದರೂ ಸರಿ, 'ಸಮ್ಮರ್ ವೆಕೇಷನ್' ಎಂದರೂ ಸರಿ. ಬ್ರಿಟಿಷರು ಮೊದಲನೆಯದ್ದನ್ನು ಜಾಸ್ತಿ ಬಳಸುತ್ತಾರೆ, ಅಮೆರಿಕದವರು ಎರಡನೆಯದ್ದನ್ನು. ಹಾಲಿಡೇಸ್ ಎಂದು ಬರೆದರೆ ಕೊನೆಯ 'ಎಸ್' ಬೇಕು, ಯಾಕೆಂದರೆ ದಿನಗಳು ಹಲವು. ವೆಕೇಷನ್ನಿಗೆ ಅಲ್ಲಿ 'ಎಸ್' ಬೇಡ, ಎರಡು ತಿಂಗಳಾದರೂ ಅದು ಒಂದೇ ವೆಕೇಷನ್. ಯಾವುದಾದರೂ ಒಂದನ್ನು ತಪ್ಪು ಎಂದು ಕೆಂಪು ಗೆರೆ ಎಳೆಯುವ ಮಾಷ್ಟ್ರು ಟೀಚರ್‌ಗಳಿಗೆ ನನ್ನದೊಂದು ವಿನಂತಿ: ಸುಮ್ನೆ ಬಿಟ್ಟುಬಿಡಿ.

ಕೋರ್ಟಿನ ವಿಷಯದಲ್ಲಿ ಮಾತ್ರ ಆಯ್ಕೆ ಇಲ್ಲ. ಅಲ್ಲಿ ವೆಕೇಷನ್ನೇ. ಬೇಸಿಗೆಯಲ್ಲಿ ಹೈಕೋರ್ಟಿಗೆ ಬಾಗಿಲು ಹಾಕಿದಾಗ ತುರ್ತು ಕೇಸು ಕೇಳಲು ಕೂರುವುದು 'ವೆಕೇಷನ್ ಬೆಂಚ್'. ಹಾಲಿಡೇ ಬೆಂಚ್ ಎಂದರೆ ವಕೀಲರು ನಗುತ್ತಾರೆ. ಬ್ರಿಟನ್ನಿನಲ್ಲೂ ಕೋರ್ಟು, ವಿಶ್ವವಿದ್ಯಾಲಯಗಳಿಗೆ ಈ ಪದವೇ ಬಳಕೆ, ಆಕ್ಸ್‌ಫರ್ಡ್‌ನ ಬೇಸಿಗೆ ರಜೆಗೆ 'ಲಾಂಗ್ ವೆಕೇಷನ್' ಎಂದೇ ಹೆಸರು. ಆದರೆ ನಮ್ಮ ಸುಪ್ರೀಂ ಕೋರ್ಟಿಗೆ ಈ ಪದವೇ ಮುಜುಗರ ತಂದಿತು. ಖಾಲಿ ಕೂರುತ್ತೀರಿ ಎಂಬ ಟೀಕೆ ಬಹಳ ಕಾಲದಿಂದ ಇತ್ತು. 2024ರಲ್ಲಿ ನಿಯಮ ತಿದ್ದಿ, ಬೇಸಿಗೆಯ ಆ ಕಾಲಕ್ಕೆ 'ಪಾರ್ಷಿಯಲ್ ಕೋರ್ಟ್ ವರ್ಕಿಂಗ್ ಡೇಸ್' ಎಂದು ಹೆಸರಿಟ್ಟರು. ಪೂರ್ತಿ ಖಾಲಿ ಇಲ್ಲ, ಭಾಗಶಃ ಕೆಲಸ ಇದೆ ಎಂದು ಹೆಸರಿನಲ್ಲೇ ಹೇಳಿದ ಹಾಗಾಯಿತು.

ಸರ್ಕಾರಿ ಶಾಲೆಯ ಅಧ್ಯಾಪಕರಿಗೆ ಈ ಪದದಲ್ಲಿ ದುಡ್ಡಿನ ಲೆಕ್ಕವೂ ಇದೆ. ಸೇವಾ ನಿಯಮಗಳಲ್ಲಿ ಅವರದ್ದು 'ವೆಕೇಷನ್ ಡಿಪಾರ್ಟ್‌ಮೆಂಟ್'. ವೆಕೇಷನ್ ಪೂರ್ತಿ ಅನುಭವಿಸಿದ ವರ್ಷದಲ್ಲಿ ಉಳಿದ ನೌಕರರ ಹಾಗೆ ಅರ್ನ್ಡ್ ಲೀವ್, ಅಂದರೆ ದುಡಿದು ಗಳಿಸಿ ಆಮೇಲೆ ದುಡ್ಡಾಗಿಸಬಹುದಾದ ರಜೆ, ಸೇರುವುದಿಲ್ಲ. ಟೀಚರ್‌ಗಳಿಗೆ ಎರಡು ತಿಂಗಳು ಬಿಟ್ಟಿ ರಜೆ ಎಂದು ಹೊಟ್ಟೆಕಿಚ್ಚು ಪಡುವವರಿಗೆ ಇದನ್ನು ತೋರಿಸಬಹುದು.

ಯಕ್ಷಗಾನದವರ ಬಗ್ಗೆ ಕೇಳುವವರೂ ಇದ್ದಾರೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳಗಳು ದೀಪಾವಳಿ ಕಳೆಯುವವರೆಗೆ ತಿರುಗಾಟಕ್ಕೆ ಹೊರಡುವುದಿಲ್ಲ. ಅದು ಕಲಾವಿದರಿಗೆ ವೆಕೇಷನ್ನಾ? ಅಲ್ಲ. ಸಂಬಳ ಸಿಗುವ ಬಿಡುವು ಅದಲ್ಲ, ಮಳೆಗಾಲದಲ್ಲಿ ಅವರು ತಾಳಮದ್ದಳೆ ಕೂಟಗಳಿಗೆ ಓಡಾಡುತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ 'ಆಫ್ ಸೀಸನ್' ಸರಿ.

ಮೂರನೇ ಹೆಜ್ಜೆ: ಅರ್ಜಿ ಹಾಕಿದ್ದರೆ ಲೀವ್

ಇದು ಸುಲಭ, ಬೇಗ ಮುಗಿಸೋಣ. ನಿಮಗೆ ಮಾತ್ರ, ನೀವು ಕೇಳಿ ಪಡೆದದ್ದು ಲೀವ್. ಸಿಕ್ ಲೀವ್, ಕ್ಯಾಶುವಲ್ ಲೀವ್, ಮೆಟರ್ನಿಟಿ ಲೀವ್. ಪದದ ಒಳಗೆ 'ಅನುಮತಿ' ಎಂಬ ಅರ್ಥ ಕೂತಿದೆ. ಅದಕ್ಕೇ ಶಾಲೆಗೆ ಯಾವತ್ತೂ ಲೀವ್ ಇರುವುದಿಲ್ಲ, ಶಾಲೆ ಯಾರ ಹತ್ತಿರ ಅನುಮತಿ ಕೇಳುವುದು? ಲೀವ್ ಇರುವುದು ಮನುಷ್ಯರಿಗೆ.

ಎರಡು ದಿನ ರಜೆ ಬೇಕಾದಾಗ 'ಟೂ ಲೀವ್ಸ್' ಎಂದು ಬರೆಯಬೇಡಿ. ಅದನ್ನು ಓದಿದವರಿಗೆ ಎರಡು ಎಲೆ ಕಾಣುತ್ತದೆ. 'ಟೂ ಡೇಸ್ ಲೀವ್' ಅಥವಾ 'ಲೀವ್ ಫಾರ್ ಟೂ ಡೇಸ್' ಎನ್ನಿ.

ವಾರದ ಪಾಳಿಯಲ್ಲಿ ಸಿಗುವ ಒಂದು ದಿನದ ಬಿಡುವಿಗೆ ಇದ್ಯಾವುದೂ ಬೇಡ. ಆಸ್ಪತ್ರೆ, ಬಟ್ಟೆ ಅಂಗಡಿ, ಹೋಟೆಲಿನಲ್ಲಿ ಕೆಲಸ ಮಾಡುವವರು 'ಇವತ್ತು ನನಗೆ ಆಫ್' ಅನ್ನುತ್ತಾರಲ್ಲ, ಇಂಗ್ಲಿಷಿನಲ್ಲೂ ಅದು 'ಡೇ ಆಫ್'.

ನಾಲ್ಕನೇ ಹೆಜ್ಜೆ: ಎದುರಿಗಿರುವವರು ಎಲ್ಲಿಯವರು?

ನಮ್ಮ ಪ್ರಶ್ನೆ ಕೈಕೊಡುವುದು ಇಲ್ಲಿ. ಇಲ್ಲಿಯವರೆಗೆ ಹೇಳಿದ್ದೆಲ್ಲ ಕಚೇರಿ, ಶಾಲೆ, ಆದೇಶಗಳ ಇಂಗ್ಲಿಷ್. ತಿರುಗಾಟದ ಮಾತು ಬಂದ ಕೂಡಲೇ ರಜೆ ಯಾರು ಕೊಟ್ಟರು ಎಂಬುದು ಮುಖ್ಯ ಅಲ್ಲ, ಮನೆ ಬಿಟ್ಟು ಸುತ್ತಾಡಲು ಹೋದರಾ ಎಂಬುದು ಮುಖ್ಯ. ಬ್ರಿಟಿಷರು ಸ್ವಂತ ಲೀವ್ ಹಾಕಿ ಬೇಕಲಕ್ಕೆ ಬಂದರೂ 'ಆನ್ ಹಾಲಿಡೇ'. ಅಮೆರಿಕದವರು ಅದೇ ಬೇಕಲಕ್ಕೆ ಬಂದರೆ 'ಆನ್ ವೆಕೇಷನ್'. ಕೋಟೆ ಅದೇ, ಸಮುದ್ರ ಅದೇ, ಎಳನೀರು ಅದೇ.

ಬ್ರಿಟನ್ನಿನಲ್ಲಿ ವರ್ಷಕ್ಕೆ ಸಂಬಳ ಸಹಿತ ಸಿಗುವ ರಜೆಯನ್ನೂ ಹಾಲಿಡೇ ಎನ್ನುತ್ತಾರೆ. ಅಲ್ಲಿನ ಕಾನೂನಿನಂತೆ 5.6 ವಾರ. ವಾರಕ್ಕೆ ಐದು ದಿನ ದುಡಿಯುವವರಿಗೆ 28 ದಿನ. 'ಐ ಹ್ಯಾವ್ ಫೈವ್ ಡೇಸ್ ಹಾಲಿಡೇ ಲೆಫ್ಟ್' ಎಂದು ಬ್ರಿಟಿಷ್ ಸಹೋದ್ಯೋಗಿ ಬರೆದರೆ ಅದು ಅವರ ಲೀವಿನ ಲೆಕ್ಕ, ಹಬ್ಬದ ಲೆಕ್ಕ ಅಲ್ಲ. ಅಮೆರಿಕದಲ್ಲಿ ಇದಕ್ಕೆ 'ವೆಕೇಷನ್ ಡೇಸ್'. ಅಲ್ಲಿ ಖಾಸಗಿ ಕಂಪನಿಗಳು ಇಷ್ಟು ದಿನ ಸಂಬಳ ಸಹಿತ ವೆಕೇಷನ್ ಕೊಡಲೇಬೇಕು ಎಂಬ ಕೇಂದ್ರ ಕಾನೂನೇ ಇಲ್ಲ, ಕಂಪನಿ ಕೊಟ್ಟಷ್ಟು. ಹಾಲಿಡೇ ಎಂದರೆ ಅವರಿಗೆ ಸರ್ಕಾರಿ ರಜೆ ಅಥವಾ ಹಬ್ಬ. 'ದಿ ಹಾಲಿಡೇಸ್' ಎಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗಿನ ಹಬ್ಬದ ಕಾಲ. ಅಮೆರಿಕದ ಕ್ಲೈಂಟ್ 'ಆಫ್ಟರ್ ದಿ ಹಾಲಿಡೇಸ್ ಮಾತಾಡೋಣ' ಎಂದರೆ ಜನವರಿಯವರೆಗೆ ಕಾಯಿರಿ.

ಬೇಕಲ, ರಾಣಿಪುರ, ವಲಿಯಪರಂಬದ ಕಡೆ ಹೋಂಸ್ಟೇ ನಡೆಸುವವರಿಗೆ ಇದು ನೇರ ಉಪಯೋಗಕ್ಕೆ ಬರುತ್ತದೆ. ಮನೆಯನ್ನು ಅಮೆರಿಕದವರು 'ವೆಕೇಷನ್ ರೆಂಟಲ್' ಎಂದು ಹುಡುಕುತ್ತಾರೆ, ಬ್ರಿಟಿಷರು 'ಹಾಲಿಡೇ ಹೋಮ್' ಅಥವಾ 'ಹಾಲಿಡೇ ಲೆಟ್' ಎಂದು. ನಮ್ಮ ದೇಶದವರು ಎರಡೂ ಬಳಸುತ್ತಾರೆ. ಜಾಹೀರಾತಿನಲ್ಲಿ ಎರಡು ಪದವನ್ನೂ ಒಂದೊಂದು ಕಡೆ ಸೇರಿಸಿದರೆ ಹುಡುಕುವವರಿಗೆ ಸಿಗುತ್ತೀರಿ. ಅತಿಥಿ ಬಂದ ಮೇಲೆ ಪದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 'ಆರ್ ಯೂ ಹಿಯರ್ ಆನ್ ಹಾಲಿಡೇ?' ಎಂದರೆ ಅಮೆರಿಕದವರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ಈ ಎರಡು ದೇಶದಲ್ಲೂ ಸಮಾನವಾದ ಒಂದು ಸೂಕ್ಷ್ಮ ಇದೆ. 'ಆನ್ ಹಾಲಿಡೇ', 'ಆನ್ ವೆಕೇಷನ್' ಎಂದರೆ ಆರಾಮಾಗಿ ಇದ್ದೀರಿ, ಬಹುಶಃ ಎಲ್ಲೋ ಸುತ್ತಾಡಲು ಹೋಗಿದ್ದೀರಿ ಎಂದು ಕೇಳುವವರು ತಿಳಿಯುತ್ತಾರೆ. ಮಳೆ ಶುರುವಾಗುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡಲು ನಾಲ್ಕು ದಿನ ಊರಿಗೆ ಬರುವ ಸಾಫ್ಟ್‌ವೇರ್ ಹುಡುಗರು ನಮ್ಮಲ್ಲಿ ಕಡಿಮೆ ಇಲ್ಲ. ಬೆಳಗ್ಗೆದ್ದು ಮೈಲುತುತ್ತು ಕರಗಿಸಿ, ಸುಣ್ಣ ಕಲಸಿ, ಬ್ಯಾರಲಿನ ಹತ್ತಿರ ನಿಂತು, ಮರ ಹತ್ತಿದವರಿಗೆ ಪೈಪು ಎಳೆದು ಕೊಟ್ಟು, ಮಧ್ಯೆ ಮಳೆ ಬಂತೆಂದು ಕೆಲಸ ನಿಲ್ಲಿಸಿ, ಬಿಟ್ಟಿತೆಂದು ಮತ್ತೆ ಶುರು ಮಾಡಿ, ಸಂಜೆ ಹೊತ್ತಿಗೆ ಅಂಗಿಯೆಲ್ಲ ನೀಲಿ. ಇದನ್ನು ಆಫೀಸಿಗೆ 'ಐ ಆ್ಯಮ್ ಆನ್ ವೆಕೇಷನ್' ಎಂದು ಬರೆದು ಹೋದರೆ, ವಾಪಸು ಬಂದಾಗ 'ಹೌ ವಾಸ್ ಯುವರ್ ವೆಕೇಷನ್? ವೇರ್ ಆರ್ ದಿ ಫೋಟೋಸ್?' ಎಂದು ಕೇಳುತ್ತಾರೆ, ಅಲ್ವಾ? ಇಂಥ ಕಡೆ 'ಐ ಆ್ಯಮ್ ಆನ್ ಲೀವ್' ಮಾತ್ರ ಸರಿ. ಮದುವೆ, ಉತ್ತರಕ್ರಿಯೆ, ಆಸ್ಪತ್ರೆ, ಗೃಹಪ್ರವೇಶ, ಎಲ್ಲಕ್ಕೂ ಇದೇ.

ಐದನೇ ಹೆಜ್ಜೆ: ಗಲ್ಫ್‌ನಲ್ಲಿರುವವರು ಇದನ್ನು ಓದಿ

ಕಾಸರಗೋಡಿನಲ್ಲಿ 'ಲೀವಿಗೆ ಬಂದಿದ್ದಾನೆ' ಎಂದರೆ ವಿವರಣೆ ಬೇಡ. ದುಬೈಯೋ ಸೌದಿಯೋ, ಯಾವಾಗ ವಾಪಸು ಎಂಬುದಷ್ಟೇ ಮುಂದಿನ ಪ್ರಶ್ನೆ. ಗಲ್ಫ್ ಕಂಪನಿಗಳ ಫಾರಂಗಳಲ್ಲಿ ಇದನ್ನು ಕೆಲವು ಕಡೆ 'ಆ್ಯನ್ಯುವಲ್ ಲೀವ್' ಎಂದೂ ಕೆಲವು ಕಡೆ 'ವೆಕೇಷನ್' ಎಂದೂ ಹಾಕಿರುತ್ತಾರೆ. ಎರಡೂ ಒಂದೇ. ನೀವು ತುಂಬುವಾಗ ಫಾರಂನಲ್ಲಿ ಯಾವ ಪದ ಇದೆಯೋ ಅದನ್ನೇ ಬಳಸಿ, ಜಾಣತನ ಬೇಡ.

ಗಮನಿಸಬೇಕಾದ್ದು ದಿನಗಳ ಲೆಕ್ಕ. ಯುಎಇ ಕಾನೂನಿನಲ್ಲಿ ಒಂದು ವರ್ಷ ಪೂರೈಸಿದವರಿಗೆ ವರ್ಷಕ್ಕೆ 30 ದಿನದ ವಾರ್ಷಿಕ ರಜೆ. ಅದು ಕ್ಯಾಲೆಂಡರ್ ದಿನಗಳ ಲೆಕ್ಕ, ಅಂದರೆ ನಡುವಿನ ವಾರದ ರಜೆಗಳೂ ಅದರೊಳಗೆ ಬರುತ್ತವೆ. ಸೌದಿಯಲ್ಲಿ ಕಡಿಮೆ ಎಂದರೆ 21 ದಿನ, ಒಂದೇ ಕಡೆ ಐದು ವರ್ಷ ದುಡಿದ ಮೇಲೆ 30. ಪತ್ರದಲ್ಲಿ 'ಒನ್ ಮಂತ್' ಎಂದು ಬರೆಯುವ ಬದಲು ಹೊರಡುವ ತಾರೀಕು, ಕೆಲಸಕ್ಕೆ ಮರಳುವ ತಾರೀಕು ಎರಡನ್ನೂ ಬರೆಯಿರಿ.

ಸೌದಿಯಲ್ಲಿರುವವರು ಇನ್ನೂ ಒಂದಕ್ಕೆ ಹುಷಾರಾಗಿರಬೇಕು. ರಜೆಗೆ ಬಂದು ವಾಪಸು ಹೋಗುವುದಕ್ಕೆ 'ಎಕ್ಸಿಟ್ ರೀಎಂಟ್ರಿ' ವೀಸಾ ಬೇಕು. ಕೆಲಸ ಬಿಟ್ಟು ಊರಿಗೆ ಬರುವುದು 'ಫೈನಲ್ ಎಕ್ಸಿಟ್'. 'ಐ ಆ್ಯಮ್ ಲೀವಿಂಗ್ ಫ್ರಮ್ ಸಂಡೇ' ಎಂದು ಕಂಪನಿಗೆ ಬರೆದರೆ ರಜೆ ಕೇಳಿದ್ದಾ, ಕೆಲಸ ಬಿಟ್ಟದ್ದಾ ಎಂಬ ಸಂಶಯ ಬರುತ್ತದೆ. ಲೀವ್ ಎಂಬ ನಾಮಪದ ಬೇರೆ, ಲೀವಿಂಗ್ ಎಂಬ ಕ್ರಿಯಾಪದ ಬೇರೆ. 'ಐ ವಿಲ್ ಬಿ ಆನ್ ಲೀವ್ ಫ್ರಮ್ ಸಂಡೇ' ಎಂದರೆ ಸಂಶಯಕ್ಕೆ ಜಾಗ ಇಲ್ಲ.

ಆರನೇ ಹೆಜ್ಜೆ: ಪತ್ರವನ್ನು ಒಮ್ಮೆ ತಿದ್ದಿ ನೋಡಿ

ಮೂರು ಪದದ ಮೊದಲೂ ಬರುವುದು 'ಆನ್': ಆನ್ ಹಾಲಿಡೇ, ಆನ್ ವೆಕೇಷನ್, ಆನ್ ಲೀವ್. 'ಇನ್ ಲೀವ್' ಅಲ್ಲ. 'ಐ ಆ್ಯಮ್ ಲೀವ್' ಅಂತೂ ಖಂಡಿತ ಅಲ್ಲ. 'ಆನ್' ಬಂದಾಗ ನಡುವೆ 'ಎ' ಬೇಡ. ಆದರೆ ದಿನವನ್ನು ಹೆಸರಿಸುವಾಗ 'ಎ' ಬೇಕು: 'ಟುಮಾರೋ ಈಸ್ ಎ ಹಾಲಿಡೇ'. ಹಾಲಿಡೇ ಬರೆಯುವಾಗ ಒಂದೇ 'ಎಲ್'. ವೆಕೇಷನ್ನಿನ ನಡುವೆ ಒಂದೇ 'ಸಿ'.

ಈಗ ಎಂಟನೇ ಕ್ಲಾಸಿನ ಒಂದು ಪತ್ರ ತೆಗೆದುಕೊಳ್ಳೋಣ. ಇಂಥವು ವಾರಕ್ಕೊಂದು ಕಣ್ಣಿಗೆ ಬೀಳುತ್ತವೆ:

'ಸರ್, ಮೈ ಸಿಸ್ಟರ್ ಮ್ಯಾರೇಜ್. ಸೋ ಪ್ಲೀಸ್ ಗಿವ್ ಮೀ ತ್ರೀ ಡೇಸ್ ಹಾಲಿಡೇ. ಆಫ್ಟರ್ ದಟ್ ಓಣಂ ಲೀವ್ ಆಲ್ಸೋ ದೇರ್.'

ಮೊದಲ ಮೂರು ದಿನ ಕೊಡಬೇಕಾದವರು ಹೆಡ್‌ಮಾಷ್ಟ್ರು, ಸಿಗುವುದು ಇವನೊಬ್ಬನಿಗೆ. ಅದು ಲೀವ್. ಆಮೇಲಿನದ್ದು ಎಲ್ಲರಿಗೂ ಇರುವ ಹತ್ತು ದಿನ. ಅದು ಓಣಂ ವೆಕೇಷನ್, ಬೇಕಾದರೆ ಓಣಂ ಹಾಲಿಡೇಸ್. ಹುಡುಗ ಎರಡನ್ನೂ ಅದಲು ಬದಲು ಮಾಡಿದ್ದಾನೆ. ಜೊತೆಗೆ 'ಗಿವ್' ಬದಲು 'ಗ್ರ್ಯಾಂಟ್' ಹಾಕಿದರೆ ಪತ್ರಕ್ಕೆ ಮರ್ಯಾದೆ ಬರುತ್ತದೆ. ತಾರೀಕು ಇಲ್ಲದ ರಜೆ ಪತ್ರ ಕೆಲಸಕ್ಕೆ ಬಾರದು, ಅದನ್ನೂ ಸೇರಿಸೋಣ. ತಿದ್ದಿದ ಮೇಲೆ ಹೀಗಾಗುತ್ತದೆ:

'ಸರ್, ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರೀಡ್ ನೆಕ್ಸ್ಟ್ ವೀಕ್. ಕೈಂಡ್ಲಿ ಗ್ರ್ಯಾಂಟ್ ಮೀ ಲೀವ್ ಫಾರ್ ತ್ರೀ ಡೇಸ್, ಫ್ರಮ್ ಮಂಡೇ ಟು ವೆಡ್ನೆಸ್‌ಡೇ. ಐ ವಿಲ್ ಅಟೆಂಡ್ ಕ್ಲಾಸ್ ಆನ್ ಥರ್ಸ್‌ಡೇ, ಬಿಫೋರ್ ದಿ ಓಣಂ ವೆಕೇಷನ್ ಬಿಗಿನ್ಸ್.'

ಮಂಡೇ, ವೆಡ್ನೆಸ್‌ಡೇ ಪಕ್ಕದಲ್ಲಿ ತಾರೀಕು ಹಾಕಿ, ಮನೆಯವರ ಸಹಿ ತೆಗೆದುಕೊಂಡರೆ ಪತ್ರ ಸಿದ್ಧ.

ಆಫೀಸಿನವರಿಗೆ ಇನ್ನೊಂದು ಕೆಲಸ ಉಳಿಯುತ್ತದೆ, ನೀವು ಇಲ್ಲದಾಗ ಬರುವ ಇಮೇಲ್‌ಗೆ ತಾನಾಗಿ ಹೋಗುವ ಉತ್ತರ. ಸುತ್ತಾಡಲು ಹೋಗಿದ್ದೀರೋ, ಅಡಿಕೆ ತೋಟದಲ್ಲಿದ್ದೀರೋ ಎಂದು ಊರಿಗೆಲ್ಲ ಸಾರುವುದು ಬೇಡ ಅನಿಸಿದರೆ ಈ ಯಾವ ಪದವನ್ನೂ ಬಳಸಬೇಕಾಗಿಲ್ಲ. 'ಐ ಆ್ಯಮ್ ಔಟ್ ಆಫ್ ಆಫೀಸ್ ಅಂಟಿಲ್' ಎಂದು ಬರೆದು ತಾರೀಕು ಹಾಕಿ, ತುರ್ತಿದ್ದರೆ ಯಾರನ್ನು ಸಂಪರ್ಕಿಸಬೇಕು ಎಂದು ಕೆಳಗೆ ಬರೆಯಿರಿ. 'ಅಂಟಿಲ್' ಮುಂದೆ ಹಾಕುವ ತಾರೀಕನ್ನು ಕೆಲವರು ರಜೆಯ ಕೊನೆಯ ದಿನ ಎಂದು ಓದುತ್ತಾರೆ, ಕೆಲವರು ಮರಳುವ ದಿನ ಎಂದು. ಅದಕ್ಕೆ 'ಐ ವಿಲ್ ಬಿ ಬ್ಯಾಕ್ ಆನ್' ಎಂದು ಇನ್ನೊಂದು ಸಾಲು ಸೇರಿಸಿ, ಮರಳುವ ದಿನವನ್ನು ವಾರದ ಹೆಸರಿನ ಸಮೇತ ಹಾಕಿಬಿಡಿ.